ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಮಲ್ಲಿಗೆ ಸವರುವ ಕ್ರಮ

ಕಲಬುರಗಿಯ ಹಳೆಯ ಓಣಿಗಳಲ್ಲಿ ಬಚ್ಚಲ ನೀರು ಹರಿದುಹೋಗುವ ಮಗ್ಗುಲಿಗೆ ಒಂದು ದುಂಡುಮಲ್ಲಿಗೆಯ ಗಿಡ ಇಲ್ಲದ ಮನೆ ಕಡಿಮೆ. ಆದರೆ ಆ ಗಿಡಗಳಲ್ಲಿ ಬಹಳಷ್ಟು ಹೂವಿಗಿಂತ ಎಲೆಯನ್ನೇ ಹೊತ್ತು ನಿಂತಿರುತ್ತವೆ. ಗೋಡೆ ಹತ್ತಿ ಮಾಳಿಗೆಯ ಅಂಚು ಮುಟ್ಟಿದ ಟೊಂಗೆಯ ತುದಿಯಲ್ಲಿ, ಕೈಗೆ ನಿಲುಕದ ಎತ್ತರದಲ್ಲಿ ನಾಲ್ಕಾರು ಮೊಗ್ಗು ಕಾಣಿಸುತ್ತವೆ. ಅದರ ಕೆಳಗೆ ನಾಲ್ಕೈದು ಅಡಿ ಬೋಳು ಕಾಂಡ. ಮನೆಯವರು ನೀರು ಹಾಕುತ್ತಾರೆ, ಗೊಬ್ಬರ ಹಾಕುತ್ತಾರೆ, ಎಲೆಯ ಮೇಲಿನ ಧೂಳನ್ನೂ ತೊಳೆಯುತ್ತಾರೆ, ಆದರೆ ದೇವರಿಗೆ ಹೂ ಕೊಡುವ ಗಿಡಕ್ಕೆ ಕತ್ತರಿ ಹಾಕಲು ಅವರ ಮನಸ್ಸು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿಯೂ ಏಳೆಂಟು ವರ್ಷ ಹೀಗೆಯೇ ನಡೆಯಿತು. ಒಂದು ಚಳಿಗಾಲದಲ್ಲಿ ಧೈರ್ಯ ಮಾಡಿ ಗಿಡವನ್ನು ಒಂದು ಮೊಳಕ್ಕೆ ಇಳಿಸಿದ ಮೇಲೆ, ಆ ವರ್ಷದ ಯುಗಾದಿಗೆ ಮನೆಯ ದೇವರಿಗೂ ನೆರೆಯ ಇಬ್ಬರು ಹೆಣ್ಣುಮಕ್ಕಳ ಮುಡಿಗೂ ಸಾಕಾಗುವಷ್ಟು ಮೊಗ್ಗು ಅದೇ ಗಿಡದಿಂದ ಬಂದವು. ಸವರುವುದು ಗಿಡಕ್ಕೆ ಮಾಡುವ ಗಾಯವೆಂದು ಹಿಂಜರಿಯುವವರಿಗಾಗಿ, ಆ ಕೆಲಸದ ಕಾರಣವನ್ನೂ ಕ್ರಮವನ್ನೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಹೂ ಎಲ್ಲಿ ಹುಟ್ಟುತ್ತದೆ

ಕತ್ತರಿ ಹಿಡಿಯುವ ಮೊದಲು ಗಿಡದ ಸ್ವಭಾವವನ್ನು ತಿಳಿದಿರಬೇಕು. ದುಂಡುಮಲ್ಲಿಗೆ ಹೂ ಬಿಡುವುದು ಆಯಾ ವರ್ಷ ಹೊಸದಾಗಿ ಒಡೆದ ಚಿಗುರಿನ ತುದಿಯಲ್ಲಿ ಮತ್ತು ಆ ಚಿಗುರಿನ ಎಲೆಗಳ ಕಂಕುಳಲ್ಲಿ. ಹೋದ ವರ್ಷ ಹೂ ಕೊಟ್ಟು ಬಲಿತ ಟೊಂಗೆ ಮತ್ತೆ ತಾನೇ ಹೂ ಕೊಡುವುದಿಲ್ಲ. ಅದರ ಗೆಣ್ಣಿನಿಂದ ಹೊಸ ಚಿಗುರು ಹೊರಟರೆ ಮಾತ್ರ ಹೂವಿಗೆ ಜಾಗ ಸಿಗುತ್ತದೆ. ಟೊಂಗೆಯ ತುದಿಯ ಕುಡಿ ಆಕ್ಸಿನ್ ಎಂಬ ಬೆಳವಣಿಗೆಯ ರಸವನ್ನು ಕೆಳಕ್ಕೆ ಕಳುಹಿಸುತ್ತಲೇ ಇರುವುದರಿಂದ, ಅದು ಇರುವವರೆಗೆ ಕೆಳಗಿನ ಗೆಣ್ಣುಗಳ ಕಣ್ಣುಗಳು ಒಡೆಯದೆ ಮಲಗಿರುತ್ತವೆ. ಕುಡಿಯನ್ನು ತೆಗೆದ ಕೂಡಲೇ ಆ ತಡೆ ಹೋಗಿ, ಕತ್ತರಿಸಿದ ಜಾಗದ ಕೆಳಗಿನ ಒಂದೆರಡು ಗೆಣ್ಣುಗಳಿಂದ ಎರಡೋ ನಾಲ್ಕೋ ಚಿಗುರುಗಳು ಒಟ್ಟಿಗೆ ಹೊರಡುತ್ತವೆ. ಒಂದು ಟೊಂಗೆ ಮೂರಾದರೆ ಹೂವಿನ ತುದಿಗಳೂ ಮೂರಾದವು. ನೆರೆಯ ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ತಪ್ಪದೆ ಚಾಟ್ನಿ ಮಾಡುವುದನ್ನು, ಎಂದರೆ ಬಳ್ಳಿ ಸವರುವುದನ್ನು, ನೋಡಿದವರಿಗೆ ಈ ಮಾತು ಹೊಸದೇನಲ್ಲ. ಚಾಟ್ನಿ ಮಾಡದ ದ್ರಾಕ್ಷಿ ಬಳ್ಳಿಯಿಂದ ಅವರು ಗೊನೆಯನ್ನು ನಿರೀಕ್ಷಿಸುವುದೇ ಇಲ್ಲ.

ಎಲ್ಲ ಹೂಗಿಡಗಳಿಗೂ ಇದೇ ನಿಯಮ ಹೊಂದುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಊಟಿ, ಕೊಡಗಿನ ಕಡೆ ಹೋಗಿಬಂದವರು ದೊಡ್ಡ ಚೆಂಡಿನಂಥ ಹೂಗೊಂಚಲಿನ ಹೈಡ್ರೇಂಜಿಯವನ್ನು ಕುಂಡದಲ್ಲಿ ತಂದಿಟ್ಟುಕೊಂಡು, ಮಲ್ಲಿಗೆಯ ಜೊತೆಗೆ ಅದನ್ನೂ ಚಳಿಗಾಲದಲ್ಲಿ ಬೋಳಾಗಿ ಕತ್ತರಿಸಿಬಿಡುತ್ತಾರೆ. ಅಗಲ ಎಲೆಯ ಆ ಹೈಡ್ರೇಂಜಿಯ ಮುಂದಿನ ವರ್ಷದ ಹೂಮೊಗ್ಗನ್ನು ಹಿಂದಿನ ವರ್ಷದ ಟೊಂಗೆಯ ತುದಿಯಲ್ಲಿಯೇ ಮೊದಲೇ ಕಟ್ಟಿಟ್ಟುಕೊಂಡಿರುತ್ತದೆ. ಚಳಿಗಾಲದಲ್ಲಿ ಅದರ ತುದಿ ಕತ್ತರಿಸಿದರೆ ಬರಬೇಕಾಗಿದ್ದ ಹೂವನ್ನೇ ಕತ್ತರಿಸಿ ಎಸೆದಂತಾಗುತ್ತದೆ. ಅದಕ್ಕೆ ಹೂ ಬಾಡಿದ ಕೂಡಲೇ, ಬಾಡಿದ ಗೊಂಚಲಿನ ಕೆಳಗಿರುವ ಮೊದಲ ದಪ್ಪ ಕಣ್ಣಿನ ಜೋಡಿಯ ಮೇಲೆ ಕತ್ತರಿಸುವುದಷ್ಟೇ ಸರಿಯಾದ ಕ್ರಮ. ನಮ್ಮ ಬಿಸಿಲಿನಲ್ಲಿ ಅದನ್ನು ಉಳಿಸಿಕೊಳ್ಳುವುದೇ ಕಷ್ಟ. ಇಟ್ಟರೆ ಬೆಳಗಿನ ಎಳೆ ಬಿಸಿಲು ಮಾತ್ರ ಬೀಳುವ ನೆರಳಿನ ಜಗುಲಿಯಲ್ಲಿ ಇಡಬೇಕು. ಕಪ್ಪು ಎರೆಭೂಮಿಯ ನಡುವೆ ಬದುಕುವ ನಾವು ಕತ್ತರಿ ಕಲಿಯಬೇಕಾದದ್ದು ಮಲ್ಲಿಗೆಯಿಂದಲೇ ಎಂಬುದು ನನ್ನ ಅಭಿಪ್ರಾಯ.

ಯಾವಾಗ ಸವರಬೇಕು

ಕಲಬುರಗಿ, ಯಾದಗಿರಿ ಕಡೆಗೆ ನಾನು ಹೇಳುವ ಗುರುತು ಎಳ್ಳ ಅಮಾವಾಸ್ಯೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು ಬರುವ ಆ ಹಬ್ಬ ಸಾಮಾನ್ಯವಾಗಿ ಡಿಸೆಂಬರ್ ಉತ್ತರಾರ್ಧದಲ್ಲೋ ಜನವರಿಯ ಮೊದಲ ಭಾಗದಲ್ಲೋ ಬರುತ್ತದೆ. ಅದರ ಹಿಂದೆ ಮುಂದೆ ಒಂದು ವಾರದೊಳಗೆ ಮಲ್ಲಿಗೆಯನ್ನು ಸವರಬೇಕು. ಆಗ ಗಿಡ ಚಳಿಗೆ ಬೆಳವಣಿಗೆಯನ್ನು ತಡೆದು ವಿಶ್ರಾಂತಿಯಲ್ಲಿರುತ್ತದೆ, ಹೊಸ ಎಲೆ ಬಿಡುತ್ತಿರುವುದಿಲ್ಲ, ರೋಗ ಹರಡುವ ಮಳೆಯೂ ಇರುವುದಿಲ್ಲ. ಸವರಿದ ಮೇಲೆ ಮೊಗ್ಗು ಕಾಣಲು ಸುಮಾರು ಎರಡೂವರೆಯಿಂದ ಮೂರು ತಿಂಗಳು ಬೇಕಾಗುವುದರಿಂದ, ಡಿಸೆಂಬರ್ ಕೊನೆಯಲ್ಲಿ ಕತ್ತರಿ ಹಾಕಿದ ಗಿಡ ಮಾರ್ಚ್ ಮಧ್ಯದಿಂದ ಏಪ್ರಿಲ್‌ನೊಳಗೆ ಹೂವಿಗೆ ಬರುತ್ತದೆ. ಹೋಳಿಯ ನಂತರ ನಡೆಯುವ ಶರಣಬಸವೇಶ್ವರರ ಜಾತ್ರೆಯ ರಥೋತ್ಸವವೂ ಯುಗಾದಿಯೂ ಬರುವುದು ಇದೇ ಹೊತ್ತಿಗೆ. ಜಾತ್ರೆಗೇ ಮನೆಯ ಹೂ ಬೇಕೆನ್ನುವವರು ಡಿಸೆಂಬರ್ ಮೊದಲ ವಾರದಲ್ಲಿಯೇ ಸವರಿ ನೋಡಬಹುದು. ಆದರೆ ಆ ವರ್ಷ ಚಳಿ ಗಟ್ಟಿಯಾಗಿ ಹಿಡಿದರೆ ಚಿಗುರು ನಿಧಾನವಾಗಿ, ಲೆಕ್ಕ ಹದಿನೈದು ದಿನ ಮುಂದಕ್ಕೆ ಹೋಗುತ್ತದೆ.

ಬೀದರಿನವರು ಸ್ವಲ್ಪ ತಡೆಯುವುದು ಒಳ್ಳೆಯದು. ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ಪ್ರಸ್ಥಭೂಮಿಯ ಮೇಲಿರುವ ಆ ಊರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಹತ್ತು ಡಿಗ್ರಿಗಿಂತ ಕೆಳಕ್ಕೆ ಇಳಿಯುವುದುಂಟು. ಅಂಥ ಚಳಿಯಲ್ಲಿ ಒಡೆದ ಎಳೆ ಚಿಗುರು ಕಪ್ಪಾಗಿ ಮುದುರಿಕೊಳ್ಳುತ್ತದೆ. ಅಲ್ಲಿ ಸಂಕ್ರಾಂತಿಯ ನಂತರದ ವಾರ ಸವರಿದರೆ, ಚಿಗುರು ಹೊರಡುವ ಹೊತ್ತಿಗೆ ಬಿಸಿಲು ಬಲಿತಿರುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಯಾರು ಹೇಳಿದರೂ ಗಿಡವನ್ನು ಬೋಳಾಗಿ ಕತ್ತರಿಸಬಾರದು. 42 ಡಿಗ್ರಿ ಮೀರುವ ಬಿಸಿಲಿಗೆ ಎಲೆಯ ನೆರಳು ಕಳೆದುಕೊಂಡ ಕಾಂಡದ ತೊಗಟೆ ಬೆಂದು ಸೀಳುತ್ತದೆ. ಪರಿಚಯದವರೊಬ್ಬರ ಮನೆಯಲ್ಲಿ ಕೂಲಿಗೆ ಬಂದ ಮಾಲಿ ಮೇ ತಿಂಗಳಲ್ಲಿ ಹಾಗೆ ಕತ್ತರಿಸಿದ ಗಿಡ, ತೆಂಕಣ ಮಗ್ಗುಲಿನ ಕಾಂಡಗಳೆಲ್ಲ ಒಣಗಿ, ಮುಂದಿನ ಮಳೆಗಾಲದಲ್ಲಿ ಬುಡದಿಂದ ಒಂದೇ ಒಂದು ಚಿಗುರು ಕೊಟ್ಟಿತು.

ಮೊದಲು ನೀರು ನಿಲ್ಲಿಸುವುದು

ಸವರುವ ಕೆಲಸ ಕತ್ತರಿಯಿಂದ ಆರಂಭವಾಗುವುದಿಲ್ಲ, ನೀರು ನಿಲ್ಲಿಸುವುದರಿಂದ ಆರಂಭವಾಗುತ್ತದೆ. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಎರೆಮಣ್ಣು ತೇವವನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ಎರಡರಿಂದ ಮೂರು ವಾರ, ನೀರು ಬೇಗ ಬಸಿಯುವ ಮಸಾರಿ ನೆಲದಲ್ಲಿಯೂ ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿಯೂ ಹತ್ತು ಹನ್ನೆರಡು ದಿನ ನೀರು ನಿಲ್ಲಿಸಬೇಕು. ಕೆಳಗಿನ ಎಲೆಗಳು ಹಳದಿಯಾಗಿ ಉದುರತೊಡಗಿದರೆ ಗಿಡ ಸಿದ್ಧವಾಗಿದೆ ಎಂದರ್ಥ. ಹೀಗೆ ಮಾಡಿದರೆ ಗಿಡ ತನ್ನ ಸತ್ವವನ್ನು ಕಾಂಡದಲ್ಲಿಯೂ ಬೇರಿನಲ್ಲಿಯೂ ಕೂಡಿಟ್ಟುಕೊಳ್ಳುತ್ತದೆ. ನಂತರ ಒಮ್ಮೆಲೇ ನೀರು, ಗೊಬ್ಬರ ಸಿಕ್ಕಾಗ ಕಣ್ಣುಗಳೆಲ್ಲ ಒಟ್ಟಿಗೆ ಒಡೆಯುತ್ತವೆ. ಬಚ್ಚಲ ನೀರು ನೇರವಾಗಿ ಬುಡಕ್ಕೆ ಹರಿಯುವ ಗಿಡವಾದರೆ, ಆ ಮೂರು ವಾರ ಸಣ್ಣ ಬದು ಹಾಕಿ ನೀರನ್ನು ಬೇರೆ ಕಡೆಗೆ ತಿರುಗಿಸಬೇಕು. ವರ್ಷವಿಡೀ ಸಾಬೂನು ಬೆರೆತ ನೀರು ನಿಲ್ಲುವ ಜಾಗ ಮಲ್ಲಿಗೆಗೆ ಎಂದೂ ಹಿತವಲ್ಲ. ಅದಕ್ಕೆ ದಿನಕ್ಕೆ ಆರು ತಾಸಿನ ನೇರ ಬಿಸಿಲೂ ನೀರು ನಿಲ್ಲದ ಬುಡವೂ ಬೇಕು. ಪೂರ್ತಿ ನೆರಳಿನಲ್ಲಿರುವ ಗಿಡವನ್ನು ಎಷ್ಟು ಚೆನ್ನಾಗಿ ಸವರಿದರೂ ಎಲೆಯೇ ಬರುತ್ತದೆ.

ಉಪಕರಣ

ಎರಡು ಅಲಗುಗಳು ಒಂದರ ಪಕ್ಕದಲ್ಲೊಂದು ಹಾದುಹೋಗುವಂಥ ಗಿಡ ಕತ್ತರಿಸುವ ಕೈಗತ್ತರಿ ಒಂದು, ಬೆರಳಿಗಿಂತ ದಪ್ಪನೆಯ ಕೊರಡುಗಳಿಗಾಗಿ ಸಣ್ಣ ಹಲ್ಲಿನ ಕೈಗರಗಸ ಒಂದು ಸಾಕು. ಒಂದು ಅಲಗು ಇನ್ನೊಂದರ ಚಪ್ಪಟೆ ಭಾಗದ ಮೇಲೆ ಬಂದು ಕೂಡುವ ಕತ್ತರಿ ಹಸಿ ಟೊಂಗೆಯನ್ನು ಜಜ್ಜುತ್ತದೆ. ಕುಡುಗೋಲು, ಕೊಡಲಿ ಬೇಡವೇ ಬೇಡ. ಅವುಗಳಿಂದ ತೊಗಟೆ ಸೀಳಿ, ಸೀಳಿದ ಜಾಗದಿಂದ ಕಾಂಡ ಕೆಳಕ್ಕೆ ಒಣಗುತ್ತಾ ಹೋಗುತ್ತದೆ. ಅಲಗನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಆರಂಭಿಸಬೇಕು, ರೋಗ ಕಾಣುವ ಟೊಂಗೆಯನ್ನು ಕತ್ತರಿಸಿದ ಮೇಲೂ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗಲೂ ಮತ್ತೆ ಒರೆಸಬೇಕು.

ಕತ್ತರಿ ಹಾಕುವ ಕ್ರಮ

ಬೆಳಗಿನ ಇಬ್ಬನಿ ಆರಿದ ಮೇಲೆ ಕೆಲಸಕ್ಕೆ ತೊಡಗಬೇಕು. ಮೊದಲು ಗೋಡೆಗೆ, ಕಿಟಕಿಯ ಸರಳಿಗೆ ಕಟ್ಟಿದ ಹಳೆಯ ದಾರಗಳನ್ನೆಲ್ಲ ಬಿಚ್ಚಿ ಗಿಡವನ್ನು ಸಡಿಲಗೊಳಿಸಿ, ಸುತ್ತ ಒಂದು ಸಲ ನಡೆದು ನೋಡಬೇಕು. ಹೊರಗಿನಿಂದ ಹಸಿರು ಗುಡ್ಡೆಯಂತೆ ಕಾಣುವ ಮಲ್ಲಿಗೆಯ ಒಡಲಲ್ಲಿ ಅರ್ಧಕ್ಕರ್ಧ ಒಣಗಡ್ಡಿಯೇ ಇರುತ್ತದೆ.

ಮೊದಲ ಸುತ್ತಿನಲ್ಲಿ ಸತ್ತದ್ದನ್ನು ಮಾತ್ರ ತೆಗೆಯಬೇಕು. ಟೊಂಗೆ ಸತ್ತಿದೆಯೋ ಎಲೆಯುದುರಿಸಿ ಮಲಗಿದೆಯೋ ಎಂಬ ಅನುಮಾನ ಬಂದಲ್ಲಿ ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವವಿದೆ, ಕಂದು ಬಣ್ಣವಿದ್ದು ಒಣಗಿದ್ದರೆ ಜೀವವಿಲ್ಲ. ಸತ್ತ ಟೊಂಗೆಯನ್ನು ಹಸಿ ಭಾಗ ಸಿಗುವವರೆಗೆ ಕೆಳಕ್ಕೆ ಕತ್ತರಿಸುತ್ತಾ ಬರಬೇಕು. ಇದೊಂದೇ ಸುತ್ತು ಮುಗಿಯುವ ಹೊತ್ತಿಗೆ ಗಿಡದ ನಿಜವಾದ ಆಕಾರ ಕಣ್ಣಿಗೆ ಬರುತ್ತದೆ, ಮುಂದೆ ಎಲ್ಲಿ ಕತ್ತರಿಸಬೇಕೆಂಬ ಗೊಂದಲವೂ ಅರ್ಧ ಕಳೆಯುತ್ತದೆ.

ಎರಡನೆಯ ಸುತ್ತಿನಲ್ಲಿ ಒಂದಕ್ಕೊಂದು ಉಜ್ಜುವ ಟೊಂಗೆಗಳಲ್ಲಿ ಸೊರಗಿದ್ದನ್ನು, ಗಿಡದ ನಡುವಿಗೆ ಮುಖಮಾಡಿ ಬೆಳೆದದ್ದನ್ನು, ಪೆನ್ಸಿಲ್ಲಿಗಿಂತ ಬಹಳ ಸಣಕಲಾಗಿದ್ದು ಹೂ ಹೊರಲಾರದ ಕಡ್ಡಿಗಳನ್ನು ಅವು ಹುಟ್ಟಿದ ಬುಡದವರೆಗೆ ತೆಗೆಯಬೇಕು. ನೆಲದ ಮೇಲೆ ಹರಡಿ ಬೇರು ಬಿಟ್ಟ ಟೊಂಗೆಗಳೂ ಈಗ ಸಿಗುತ್ತವೆ. ಅವನ್ನು ಬೇರುಸಹಿತ ಕತ್ತರಿಸಿ ಬೇರೆ ಕುಂಡಕ್ಕೆ ಹಾಕಿಕೊಂಡರೆ ಖರ್ಚಿಲ್ಲದೆ ಹೊಸ ಗಿಡ ಸಿಗುತ್ತದೆ. ನಡುವಿನ ಜಾಗ ತೆರೆದು, ಐದರಿಂದ ಎಂಟು ಗಟ್ಟಿ ಕಾಂಡಗಳು ಬಟ್ಟಲಿನ ಅಂಚಿನಂತೆ ಹೊರಮುಖವಾಗಿ ನಿಂತರೆ ಸಾಕು. ಗಾಳಿ ಬಿಸಿಲು ಒಳಗೆ ಆಡುವ ಗಿಡದಲ್ಲಿ ನುಸಿ, ಬೂದಿರೋಗಗಳ ಕಾಟ ಕಡಿಮೆ. ಮೊಗ್ಗು ಬಿಡಿಸುವ ಕೈಗೂ ಕಡ್ಡಿ ಗೀರುವುದಿಲ್ಲ.

ಮೂರನೆಯ ಸುತ್ತು ಎತ್ತರದ್ದು. ಮೂರು ವರ್ಷ ತುಂಬಿದ ಆರೋಗ್ಯವಂತ ಗಿಡವನ್ನು ನೆಲದಿಂದ 45 ಸೆಂಟಿಮೀಟರ್, ಎಂದರೆ ಒಂದು ಮೊಳ ಎತ್ತರಕ್ಕೆ ಇಳಿಸಬೇಕು. ಹೂ ಮಾರುವವರು ಮೊಣಕೈಯಿಂದ ನಡುಬೆರಳ ತುದಿಗೆ ಮಾಲೆ ಅಳೆಯುವ ಆ ಮೊಳವೇ ಇಲ್ಲಿಯೂ ಅಳತೆ. ಮೊಣಕೈಯನ್ನು ಗಿಡದ ಬುಡಕ್ಕೆ ತಾಗಿಸಿ ಬೆರಳ ತುದಿ ಬರುವಲ್ಲಿ ಎಲ್ಲ ಕಾಂಡಗಳಿಗೂ ಗುರುತು ಮಾಡಿಕೊಂಡರೆ ಟೇಪು ಬೇಕಿಲ್ಲ. ಮೊದಲ ಸಲ ಮಾಡುವವರಿಗೆ ಇದು ಅತಿಯಾಯಿತೆಂದು ಕೈ ನಡುಗುವುದು ಸಹಜ. ಒಂದೂವರೆ ಮೊಳಕ್ಕೆ ನಿಲ್ಲಿಸಿದರೂ ಗಿಡ ಕೆಡುವುದಿಲ್ಲ, ಆದರೆ ಮರುವರ್ಷ ಅದೇ ಎತ್ತರದಿಂದ ಮತ್ತೆ ಮೇಲಕ್ಕೆ ಹೊರಟು ಬುಡ ಬೋಳಾಗುತ್ತದೆ. ಮೊದಲ ವರ್ಷದ ಎಳೆಯ ಗಿಡಕ್ಕೆ ಕುಡಿ ಚಿವುಟುವುದಷ್ಟೇ ಸಾಕು, ಎರಡನೆಯ ವರ್ಷ ಮೂರನೆಯ ಒಂದು ಭಾಗವನ್ನಷ್ಟೇ ತೆಗೆಯಬೇಕು.

ಪ್ರತಿ ಕಾಂಡದಲ್ಲಿ ಸರಿಯಾಗಿ ಎಲ್ಲಿ ಕತ್ತರಿಸಬೇಕೆಂಬುದು ಎತ್ತರದಷ್ಟೇ ಮುಖ್ಯ. ಮಲ್ಲಿಗೆಯ ಎಲೆಗಳು ಎದುರುಬದುರಾಗಿ ಜೋಡಿಯಲ್ಲಿ ಹುಟ್ಟುತ್ತವೆ, ಆದ್ದರಿಂದ ಕಣ್ಣುಗಳೂ ಜೋಡಿಯಾಗಿರುತ್ತವೆ. ಗುರುತಿಗೆ ಹತ್ತಿರದ ಗೆಣ್ಣನ್ನು ಹುಡುಕಿ, ಅದರ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಅಡ್ಡಲಾಗಿ ನೇರವಾಗಿ ಕತ್ತರಿಸಬೇಕು. ಗುಲಾಬಿಗೆ ಹೇಳುವ ಓರೆ ಕತ್ತರಿಕೆ ಇಲ್ಲಿ ಸಲ್ಲದು. ಓರೆಯಾಗಿ ಕತ್ತರಿಸಿದರೆ ಜೋಡಿಯಲ್ಲಿ ಒಂದು ಕಣ್ಣಿನ ಮಗ್ಗುಲು ಗಾಯಕ್ಕೆ ತೀರ ಹತ್ತಿರವಾಗಿ ಅದು ಒಣಗುತ್ತದೆ. ಗೆಣ್ಣಿನ ಮೇಲೆ ಉದ್ದ ತುಂಡು ಬಿಟ್ಟರೂ ತಪ್ಪೇ, ಆ ತುಂಡು ಒಣಗಿ ಕೊಳೆತು ರೋಗವನ್ನು ಕೆಳಕ್ಕೆ ಇಳಿಸುತ್ತದೆ.

ಹತ್ತು ಹದಿನೈದು ವರ್ಷ ಕತ್ತರಿಯನ್ನೇ ಕಾಣದೆ ಬುಡ ಕೈಮಣಿಕಟ್ಟಿನಷ್ಟು ದಪ್ಪವಾದ ಗಿಡಗಳಿಗೆ ಮಾತ್ರ ಈ ಕೆಲಸವನ್ನು ಒಂದೇ ವರ್ಷದಲ್ಲಿ ಮುಗಿಸಲು ಹೋಗಬಾರದು. ಮೊದಲ ಚಳಿಗಾಲದಲ್ಲಿ ಹಳೆಯ ಕಾಂಡಗಳಲ್ಲಿ ಮೂರನೆಯ ಒಂದು ಭಾಗವನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಗರಗಸದಿಂದ ತೆಗೆದು, ಉಳಿದವನ್ನು ಸೊಂಟದೆತ್ತರಕ್ಕೆ ಇಳಿಸಬೇಕು. ಬುಡದಿಂದ ಬರುವ ಹೊಸ ಕಾಂಡಗಳನ್ನು ಕಾಪಾಡಿಕೊಂಡು, ಎರಡನೆಯ ವರ್ಷ ಇನ್ನೊಂದು ಭಾಗ, ಮೂರನೆಯ ವರ್ಷ ಕೊನೆಯ ಭಾಗ. ಮೂರು ವರ್ಷದಲ್ಲಿ ಅದೇ ಬೇರಿನ ಮೇಲೆ ಹೊಸ ಗಿಡ ನಿಂತಿರುತ್ತದೆ. ಅಜ್ಜಿಯೋ ಅತ್ತೆಯೋ ನೆಟ್ಟ ಗಿಡವನ್ನು ಹೂ ಬಿಡುವುದಿಲ್ಲವೆಂದು ಕಿತ್ತು ಹಾಕಿಸುವವರನ್ನು ಕಂಡಾಗ ನನಗೆ ನಿಜವಾಗಿ ನೋವಾಗುತ್ತದೆ, ಏಕೆಂದರೆ ಅವುಗಳಲ್ಲಿ ಬಹುಪಾಲು ಈ ಕ್ರಮದಿಂದ ಮರಳಿ ಹೂವಿಗೆ ಬರಬಲ್ಲ ಗಿಡಗಳು.

ಸವರಿದ ಮೇಲೆ ಕಾಂಡದಲ್ಲಿ ಅಂಟಿಕೊಂಡಿರುವ ಹಳೆಯ ಎಲೆಗಳನ್ನು ಕೈಯಿಂದ, ಕಂಕುಳ ಕಣ್ಣು ಮುರಿಯದಂತೆ, ಮೇಲ್ಮುಖವಾಗಿ ಎಳೆಯದೆ ಪಕ್ಕಕ್ಕೆ ಬಾಗಿಸಿ ಬಿಡಿಸಬೇಕು. ಎಲೆಗಳಲ್ಲಿ ಅಡಗಿದ ನುಸಿ, ಚುಕ್ಕೆರೋಗ ಅವುಗಳ ಜೊತೆಗೇ ಹೋಗುತ್ತವೆ. ಬೆರಳಿಗಿಂತ ದಪ್ಪನೆಯ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಬೇಕು: ಹತ್ತು ಗ್ರಾಂ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) 50 ಮಿಲಿಲೀಟರ್ ನೀರಿನಲ್ಲಿಯೂ, ಹತ್ತು ಗ್ರಾಂ ಸುಣ್ಣವನ್ನು ಇನ್ನೊಂದು 50 ಮಿಲಿಲೀಟರ್ ನೀರಿನಲ್ಲಿಯೂ ಬೇರೆ ಬೇರೆ ಕರಗಿಸಿ ನಂತರ ಕೂಡಿಸಿದರೆ ಒಂದೆರಡು ಗಿಡಕ್ಕೆ ಸಾಕಾಗುವ ಮುಲಾಮು ಸಿದ್ಧ. ಇದಕ್ಕೆ ಪ್ಲಾಸ್ಟಿಕ್ ಇಲ್ಲವೆ ಮಣ್ಣಿನ ಪಾತ್ರೆ ಬೇಕು, ಕಬ್ಬಿಣದ್ದಾಗದು. ಮೈಲುತುತ್ತ ವಿಷವಾದ್ದರಿಂದ ಮಕ್ಕಳ ಕೈಗೆ ಸಿಗದಂತೆ ಇಟ್ಟುಕೊಂಡು, ಅದೇ ದಿನ ಮಾಡಿ ಅದೇ ದಿನ ಹಚ್ಚಿ ಮುಗಿಸಬೇಕು.

ಬುಡ ಬಿಡಿಸಿ ಗೊಬ್ಬರ ಕೊಡುವುದು

ಸವರಿದ ಮರುದಿನ ಗಿಡದ ಸುತ್ತ ಒಂದು ಅಡಿ ದೂರದಲ್ಲಿ, ಆರು ಇಂಚು ಆಳಕ್ಕೆ ಮಣ್ಣನ್ನು ಸಡಿಲಿಸಿ ಮೂರ್ನಾಲ್ಕು ದಿನ ಬಿಸಿಲಿಗೆ ಬಿಡಬೇಕು. ದಪ್ಪ ಬೇರುಗಳನ್ನು ಕಡಿಯಬಾರದು, ಮೇಲಿನ ನೂಲುಬೇರು ಸ್ವಲ್ಪ ಹರಿದರೆ ಚಿಂತೆಯಿಲ್ಲ. ಬಳಿಕ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಹತ್ತು ಕಿಲೋ, ಬೇವಿನ ಹಿಂಡಿ ಎರಡು ಹಿಡಿ ಸೇರಿಸಿ ಮಣ್ಣು ಮುಚ್ಚಬೇಕು. ಹೊಲದಲ್ಲಿ ಬೆಳೆಯುವವರಿಗೆ ಬೆಳೆದ ಗಿಡವೊಂದಕ್ಕೆ ವರ್ಷಕ್ಕೆ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ಇದೆ. ಅದನ್ನು ಸವರಿದ ಮೇಲೊಮ್ಮೆ, ಜೂನ್-ಜುಲೈನಲ್ಲೊಮ್ಮೆ ಎರಡು ಕಂತಿನಲ್ಲಿ ಕೊಡುತ್ತಾರೆ. ಅಂಗಡಿಯ ಗೊಬ್ಬರದ ಲೆಕ್ಕದಲ್ಲಿ ಒಂದು ಕಂತಿಗೆ ಸುಮಾರು 65 ಗ್ರಾಂ ಯೂರಿಯಾ, 375 ಗ್ರಾಂ ಸಿಂಗಲ್ ಸೂಪರ್ ಫಾಸ್ಫೇಟ್, 100 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಆಗುತ್ತದೆ. ಹಿತ್ತಲಿನ ಗಿಡಕ್ಕೆ ಇದರ ಅರ್ಧ ಸಾಕೆಂಬುದು ನನ್ನ ಅನುಭವ. ಯೂರಿಯಾ ಹೆಚ್ಚಾದರೆ ಗಿಡ ಕಪ್ಪು ಹಸಿರಾಗಿ ಎತ್ತರಕ್ಕೆ ಹೋಗುತ್ತದೆ, ಮೊಗ್ಗು ಕಡಿಮೆಯಾಗುತ್ತದೆ.

ಗೊಬ್ಬರ ಮುಚ್ಚಿದ ದಿನ ಬುಡ ಪೂರ್ತಿ ನೆನೆಯುವಂತೆ ನೀರು ಕೊಡಬೇಕು. ಅಲ್ಲಿಂದ ಚಿಗುರು ಕಾಣುವ ಹತ್ತು ಹದಿನೈದು ದಿನ, ಎಲೆಯಿಲ್ಲದ ಗಿಡಕ್ಕೆ ಹೆಚ್ಚು ನೀರು ಬೇಡವಾದ್ದರಿಂದ, ಬೆರಳು ಇಳಿಸಿ ನೋಡಿ ಎರಡು ಇಂಚು ಕೆಳಗೂ ಒಣಗಿದ್ದರೆ ಮಾತ್ರ ಹಾಕಬೇಕು. ಎರೆಮಣ್ಣಿನಲ್ಲಿ ಗಿಡ ಸಾಯುವುದು ಒಣಗಿದ್ದಕ್ಕಿಂತ ಹೆಚ್ಚಾಗಿ ಈ ದಿನಗಳ ಅತಿ ನೀರಿನಿಂದ. ಬುಡದ ಮೇಲೆ ಎರಡು ಮೂರು ಇಂಚು ಹೊದಿಕೆ ಹಾಸುವುದು ಅತ್ಯಗತ್ಯ. ತೊಗರಿಯ ರಾಶಿ ಆಗುವುದೂ ಇದೇ ಹೊತ್ತಿಗೆ, ಆದ್ದರಿಂದ ತೊಗರಿ ಹೊಟ್ಟು ಸುಲಭವಾಗಿ ಸಿಗುತ್ತದೆ. ತುಂಡರಿಸಿದ ಜೋಳದ ಕಣಿಕೆಯೂ ಶೇಂಗಾ ಸಿಪ್ಪೆಯೂ ಆಗುತ್ತವೆ. ಹೊದಿಕೆಯಿಲ್ಲದ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರುಗಳನ್ನು ಎಳೆದು ಹರಿಯುತ್ತದೆ. ಅಂಗಳಕ್ಕೆಲ್ಲ ಶಹಾಬಾದ್ ಕಲ್ಲು ಹಾಸಿದ ಮನೆಗಳಲ್ಲಿ ಗಿಡದ ಸುತ್ತ ಕನಿಷ್ಠ ಎರಡು ಅಡಿ ಮಣ್ಣು ತೆರೆದಿರುವಂತೆ ಒಂದೆರಡು ಕಲ್ಲು ಎಬ್ಬಿಸುವುದು ಒಳ್ಳೆಯದು; ಕಲ್ಲಿನ ಕಾವು ಸಂಜೆಯವರೆಗೂ ಬುಡವನ್ನು ಬೇಯಿಸುತ್ತಿರುತ್ತದೆ.

ಹಳದಿ ಚಿಗುರು

ನಮ್ಮ ಭಾಗದಲ್ಲಿ ಸವರಿದ ನಂತರ ತಪ್ಪದೆ ಕಾಣುವ ತೊಂದರೆಯೊಂದಿದೆ. ಹೊಸ ಎಲೆಗಳು ಬಿಳಿಚಿಕೊಂಡು ಹಳದಿಯಾಗುತ್ತವೆ, ನರಗಳು ಮಾತ್ರ ಹಸಿರಾಗಿರುತ್ತವೆ. ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲದೆಯೇನಲ್ಲ. ಸುಣ್ಣದ ಅಂಶ ಹೆಚ್ಚಿರುವ ಕ್ಷಾರ ಗುಣದ ಎರೆಮಣ್ಣಿನಲ್ಲಿ ಅದು ಬೇರಿಗೆ ದಕ್ಕುವ ರೂಪದಲ್ಲಿ ಇರುವುದಿಲ್ಲ. ಗಡಸು ಬೋರ್‌ವೆಲ್ ನೀರು, ಮನೆ ಕಟ್ಟಿದಾಗ ಗೋಡೆಯ ಬುಡದಲ್ಲಿ ಹೂತುಹೋದ ಸಿಮೆಂಟು ಗಾರೆ ಅದನ್ನು ಇನ್ನಷ್ಟು ಕೆಡಿಸುತ್ತವೆ. ನೀರು ಕಡಿಮೆಯಾಯಿತೆಂದು ತಿಳಿದು ಮತ್ತಷ್ಟು ನೀರು ಹಾಕಿದರೆ ಹಳದಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಒಂದು ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಅದು ಕೆಡದಂತೆ ಒಂದು ಗ್ರಾಂ ಸಿಟ್ರಿಕ್ ಆಮ್ಲ ಅಥವಾ ಅರ್ಧ ನಿಂಬೆಹಣ್ಣಿನ ರಸ ಬೆರೆಸಿ, ಸಂಜೆಯ ಹೊತ್ತು ಎಲೆಗಳ ಎರಡೂ ಮೈಗೆ ಸಿಂಪಡಿಸಬೇಕು. ಹತ್ತು ದಿನಕ್ಕೊಮ್ಮೆ ಎರಡು ಮೂರು ಸಲ ಕೊಟ್ಟರೆ ಹೊಸ ಎಲೆ ಹಸಿರಾಗಿಯೇ ಬರುತ್ತದೆ. ಅನ್ನಭೇದಿಯ ನೀರು ಶಹಾಬಾದ್ ಕಲ್ಲಿನ ಮೇಲೆ ಬಿದ್ದರೆ ಅಳಿಸಲಾಗದ ತುಕ್ಕಿನ ಕಲೆ ಉಳಿಯುತ್ತದೆ, ಆದ್ದರಿಂದ ಮೊದಲು ಗೋಣಿಚೀಲ ಹಾಸಿಕೊಳ್ಳಬೇಕು. ವರ್ಷ ವರ್ಷವೂ ಇದೇ ಕಾಣಿಸಿದರೆ ಕಲಬುರಗಿಯ ಅಥವಾ ಬೀದರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸುವುದೇ ಸರಿ.

ಚಿವುಟುವುದು, ಮೊಗ್ಗು ಬಿಡಿಸುವುದು, ಮತ್ತೆ ಸವರುವುದು

ಚಿಗುರುಗಳು ಗೇಣುದ್ದ ಬೆಳೆದಾಗ, ಉಳಿದವನ್ನು ಬಿಟ್ಟು ಚಾಟಿಯಂತೆ ನೇರವಾಗಿ ಮೇಲಕ್ಕೆ ನುಗ್ಗುವ ಬಲವಾದ ಚಿಗುರುಗಳ ಕುಡಿಯನ್ನು ಮಾತ್ರ ಉಗುರಿನಿಂದ ಚಿವುಟಬೇಕು. ಅವು ಕವಲೊಡೆದು ಗಿಡ ದುಂಡಗಾಗುತ್ತದೆ. ಫೆಬ್ರವರಿ ಮಧ್ಯದ ನಂತರ ಚಿವುಟಬಾರದು, ಆಗ ತುದಿಯಲ್ಲಿ ಮೊಗ್ಗು ಕೂಡತೊಡಗಿರುತ್ತದೆ.

ಮೊಗ್ಗುಗಳು ಸಾಮಾನ್ಯವಾಗಿ ಮೂರರ ಗೊಂಚಲಿನಲ್ಲಿ ಬರುತ್ತವೆ. ನಡುವಿನದು ಮೊದಲು ಬಲಿಯುತ್ತದೆ, ಅಕ್ಕಪಕ್ಕದವು ಕೆಲವು ದಿನ ತಡವಾಗಿ. ಅವಸರದಲ್ಲಿ ಗೊಂಚಲನ್ನೇ ಕಿತ್ತರೆ ಎರಡು ಹೂ ಹೋದಂತೆ. ಬಲಿತು ಬೆಳ್ಳಗಾದ ಮೊಗ್ಗಿನ ತೊಟ್ಟನ್ನು ಮಾತ್ರ ಹಿಡಿದು ಬಿಡಿಸಬೇಕು. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಸೂಜಿಯಷ್ಟು ತೂತು ಕಂಡರೆ ಒಳಗೆ ಮೊಗ್ಗು ಕೊರೆಯುವ ಹುಳುವಿದೆ. ಅಂಥ ಮೊಗ್ಗುಗಳನ್ನು ದಿನವೂ ಆರಿಸಿ ಸುಟ್ಟು, ಲೀಟರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನ ನೀರಿನಲ್ಲಿ ಕಲಸಿ ಸಂಜೆ ಸಿಂಪಡಿಸಿದರೆ ಮನೆಯ ಗಿಡಕ್ಕೆ ಸಾಕು. ಏಪ್ರಿಲ್‌ನ ಒಣಗಾಳಿಗೆ ಎಲೆಯ ಕೆಳಗೆ ಸಣ್ಣ ಬಲೆ ಹೆಣೆದು ಕೂರುವ ಕೆಂಪು ನುಸಿಗೆ, ಬೆಳಿಗ್ಗೆ ಪೈಪಿನಿಂದ ಎಲೆಯ ಅಡಿಮೈಗೆ ಜೋರಾಗಿ ನೀರು ಹಾಯಿಸುವುದೇ ಮೊದಲ ಮದ್ದು.

ಒಂದು ಸುತ್ತಿನ ಹೂ ಮುಗಿದ ಕೂಡಲೇ ಹೂ ಬಿಟ್ಟ ಪ್ರತಿ ತುದಿಯನ್ನೂ ಎರಡು ಗೆಣ್ಣು ಕೆಳಗೆ ಕತ್ತರಿಸಬೇಕು. ಇದು ಬೋಳಾಗಿ ಸವರುವುದಲ್ಲವಾದ್ದರಿಂದ ಬೇಸಿಗೆಯಲ್ಲಿಯೂ ಅಪಾಯವಿಲ್ಲ, ಎಲೆಯ ನೆರಳು ಹಾಗೆಯೇ ಉಳಿದಿರುತ್ತದೆ. ಒಂದು, ಒಂದೂವರೆ ತಿಂಗಳಲ್ಲಿ ಆ ಗೆಣ್ಣುಗಳಿಂದ ಹೊರಟ ಚಿಗುರುಗಳು ಎರಡನೆಯ ಸುತ್ತಿನ ಹೂ ಕೊಡುತ್ತವೆ. ಮಾರ್ಚ್‌ನಿಂದ ಜುಲೈವರೆಗೆ ಹೀಗೆ ಎರಡು ಮೂರು ಸುತ್ತು ಪಡೆಯಬಹುದು. ಮಳೆಗಾಲದಲ್ಲಿ ಒಣಗಡ್ಡಿ ತೆಗೆಯುವುದನ್ನು ಬಿಟ್ಟು ಬೇರೇನೂ ಕತ್ತರಿಸದೆ, ಎರಡನೆಯ ಕಂತಿನ ಗೊಬ್ಬರ ಕೊಟ್ಟು ಬುಡದಲ್ಲಿ ನೀರು ನಿಲ್ಲದಂತೆ ಕಾಲುವೆ ತೆಗೆದರೆ ಸಾಕು.

ಜಾಜಿಗೂ ಇದೇ ಚಳಿಗಾಲದ ಕ್ರಮ ಹೊಂದುತ್ತದೆ, ಆದರೆ ಅದನ್ನು ಒಂದೂವರೆಯಿಂದ ಎರಡು ಮೊಳಕ್ಕೆ ನಿಲ್ಲಿಸಬೇಕು. ಚಳಿಯಲ್ಲಿಯೇ ಹೂ ಬಿಡುವ ಕಾಕಡ ಮಲ್ಲಿಗೆಯನ್ನು ಎಳ್ಳ ಅಮಾವಾಸ್ಯೆಗೆ ಮುಟ್ಟಬಾರದು. ಅದರ ಹೂ ತೀರಿದ ಮೇಲೆ ಸವರಬೇಕು.

ಮಾಳಿಗೆಯ ಮೇಲೆ ಕುಂಡದಲ್ಲಿ ಬೆಳೆಸುವವರಿಗೆ ಕೆಲವು ವ್ಯತ್ಯಾಸಗಳಿವೆ. ಕುಂಡ ಬೇಗ ಒಣಗುವುದರಿಂದ ಸವರುವ ಮೊದಲು ನೀರು ಪೂರ್ತಿ ನಿಲ್ಲಿಸದೆ, ವಾರದ ಮಟ್ಟಿಗೆ ಅರ್ಧಕ್ಕೆ ಇಳಿಸಬೇಕು. ಎತ್ತರವನ್ನು ಮೊಳದ ಬದಲು ಗೇಣಿಗೆ ನಿಲ್ಲಿಸಬಹುದು. ಎರಡು ವರ್ಷಕ್ಕೊಮ್ಮೆ, ಸವರಿದ ದಿನವೇ ಗಿಡವನ್ನು ಮಣ್ಣಿನ ಹೆಂಟೆ ಸಹಿತ ಹೊರತೆಗೆದು, ಕುಂಡದ ಗೋಡೆಗೆ ಸುತ್ತಿಕೊಂಡ ಬೇರುಗಳನ್ನು ಒಂದು ಇಂಚಿನಷ್ಟು ಸುತ್ತಲೂ ಕತ್ತರಿಸಿ, ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಮರಳಿನ ಹೊಸ ಮಿಶ್ರಣದಲ್ಲಿ ಅದೇ ಕುಂಡಕ್ಕೆ ಮರಳಿ ಕೂರಿಸಬೇಕು. ಎರೆಮಣ್ಣನ್ನು ಕುಂಡಕ್ಕೆ ಹಾಕಬಾರದು. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುವುದರಿಂದ, ಹಾಕಿದ ನೀರು ಬೇರನ್ನು ಮುಟ್ಟದೆ ಆ ಸಂದಿನಿಂದ ನೇರವಾಗಿ ಕೆಳಗೆ ಹರಿದುಹೋಗುತ್ತದೆ. ಏಪ್ರಿಲ್‌ನಿಂದ ಜೂನ್‌ನ ಮೊದಲ ಮಳೆಯವರೆಗೆ ಕುಂಡಗಳನ್ನು ಬರಿ ಗಚ್ಚಿನ ಮೇಲೆ ಇಡದೆ ಎರಡು ಇಟ್ಟಿಗೆಯ ಮೇಲೆ ಏರಿಸಿ, ಪಡುವಣ ಮಗ್ಗುಲಿಗೆ ಹಳೆಯ ಸೀರೆಯದ್ದೋ ಹಸಿರು ಬಲೆಯದ್ದೋ ಮರೆ ಕಟ್ಟಬೇಕು.